ಸಿವಿಎಸ್ಸೋ, ಆಮ್ನಿಯೋನೋ? ಓದುಗರ ಪ್ರಶ್ನೆ, ತಜ್ಞರ ಉತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯಕ್ಕೆ ಸೇರಿದವು: ಗರ್ಭಿಣಿಯ ಹೊಟ್ಟೆಗೆ ಸೂಜಿ ಹಾಕಿ, ಮಗುವಿಗೆ ಆನುವಂಶಿಕ ಕಾಯಿಲೆ ಇದೆಯೇ ಎಂದು ನೋಡುವ ಪರೀಕ್ಷೆಗಳು, ಅಂದರೆ ಮಾಸಿನ ಎಳೆ ತೆಗೆಯುವ ಸಿವಿಎಸ್, ಮಗುವಿನ ಸುತ್ತಲಿನ ನೀರು ತೆಗೆಯುವ ಆಮ್ನಿಯೋ. ಪ್ರಸೂತಿ ತಜ್ಞರೂ ಜೆನೆಟಿಕ್ ಕೌನ್ಸೆಲರ್ ಕೂಡ ಸೇರಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಹಾಕಿಲ್ಲ.

ಒಂದು ಮಾತು ಮೊದಲೇ ಹೇಳಬೇಕು. ಇಲ್ಲಿ ಬರುವ ವಾರಗಳೆಲ್ಲ ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ, ಮೊದಲ ಸ್ಕ್ಯಾನಿನಲ್ಲಿ ತಾಳೆ ನೋಡಿದ ವಾರಗಳು. ‘ಮೂರು ತುಂಬಿ ನಾಲ್ಕಕ್ಕೆ ಬಿತ್ತು, ಇನ್ನು ತೋರಿಸೋಣ’ ಎಂದು ಹೊರಡುವವರಿಗೆ ಸಿವಿಎಸ್‌ನ ಗಡುವು ಮುಗಿಯುತ್ತಾ ಬಂದಿರುತ್ತದೆ. ತಾಯಿ ಕಾರ್ಡಿನಲ್ಲಿ ತಿಂಗಳ ಪಕ್ಕ ವಾರವನ್ನೂ ಬರೆಸಿಕೊಳ್ಳಿ.

ಪ್ರಶ್ನೆ: ನನಗೆ 37 ವರ್ಷ, ಈಗ 12 ವಾರ. ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂದಿನ ನೀರಿನ ದಪ್ಪ ಅಳೆಯುವುದು) ನಾರ್ಮಲ್ ಅಂದರು. ಡಬಲ್ ಮಾರ್ಕರ್ ರಕ್ತಪರೀಕ್ಷೆಯಲ್ಲಿ ಡೌನ್ ಸಿಂಡ್ರೋಮ್‌ಗೆ (21ನೇ ವರ್ಣತಂತು ಒಂದು ಹೆಚ್ಚಿರುವ ಸ್ಥಿತಿ) 1:90 ಎಂದು ಬಂದಿದೆ. ಡಾಕ್ಟರು ‘ಈಗಲೇ ಸಿವಿಎಸ್ ಮಾಡಿಸಬಹುದು, ಇಲ್ಲ 16 ವಾರಕ್ಕೆ ಆಮ್ನಿಯೋ’ ಎನ್ನುತ್ತಾರೆ. ಎರಡರಲ್ಲಿ ಯಾವುದು ಒಳ್ಳೆಯದು?
(ಶಿರಾ)

ಉತ್ತರ: ಮೊದಲು ಆ 1:90ರ ಅರ್ಥ. ನಿಮ್ಮಂಥದೇ ವರದಿ ಬಂದ 90 ಗರ್ಭಿಣಿಯರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರುತ್ತದೆ, 89 ಜನರ ಮಕ್ಕಳಿಗೆ ಇರುವುದಿಲ್ಲ. ಸಾಮಾನ್ಯವಾಗಿ 1:250ಕ್ಕಿಂತ ಹೆಚ್ಚಿನ ಸಾಧ್ಯತೆ ಬಂದರೆ ‘ಹೈ ರಿಸ್ಕ್’ ಎಂದು ಬರೆಯುತ್ತಾರೆ. ಇದು ಜರಡಿ ಹಿಡಿಯುವ ಪರೀಕ್ಷೆ ಮಾತ್ರ, ಕಾಯಿಲೆ ಇದೆ ಎಂಬ ತೀರ್ಪಲ್ಲ. ತೀರ್ಪು ಬೇಕೆಂದರೆ ಮಗುವಿನ ಅಥವಾ ಮಾಸಿನ ಜೀವಕೋಶವೇ ಕೈಗೆ ಸಿಗಬೇಕು, ಅದಕ್ಕೇ ಸೂಜಿ.

ಸಿವಿಎಸ್‌ನಲ್ಲಿ ಮಾಸಿನ ಎಳೆಗಳನ್ನು ತೆಗೆಯುತ್ತಾರೆ. ಸಮಯ 11 ವಾರದಿಂದ 13 ವಾರ 6 ದಿನದವರೆಗೆ. ಮಾಸು ಎಲ್ಲಿ ಅಂಟಿದೆ ಎಂಬುದರ ಮೇಲೆ ಹೊಟ್ಟೆಯ ಮೂಲಕ ಸೂಜಿ ಹಾಕಬೇಕೋ, ಗರ್ಭಕೋಶದ ಬಾಯಿಯ ಮೂಲಕ ತೆಳು ನಳಿಕೆ ಹಾಕಬೇಕೋ ಎಂದು ನಿರ್ಧಾರವಾಗುತ್ತದೆ. ನಮ್ಮ ಕಡೆ ಹೆಚ್ಚಾಗಿ ಹೊಟ್ಟೆಯ ಮೂಲಕವೇ. ಆಮ್ನಿಯೋದಲ್ಲಿ ಮಗುವಿನ ಸುತ್ತಲಿನ ನೀರನ್ನು 15ರಿಂದ 20 ಮಿ.ಲೀ. ತೆಗೆಯುತ್ತಾರೆ. ಆ ನೀರಿನಲ್ಲಿ ಮಗುವಿನ ಚರ್ಮ, ಮೂತ್ರನಾಳ, ಶ್ವಾಸನಾಳಗಳಿಂದ ಉದುರಿದ ಕೋಶಗಳಿರುತ್ತವೆ. 15 ವಾರ ತುಂಬಿದ ಮೇಲೆಯೇ ಮಾಡುವುದು.

ಈ ಗಡುವುಗಳನ್ನು ಯಾರೋ ಸುಮ್ಮನೆ ಇಟ್ಟದ್ದಲ್ಲ. 10 ವಾರಕ್ಕೂ ಮೊದಲು ಸಿವಿಎಸ್ ಮಾಡಿದ ಕೆಲವು ಮಕ್ಕಳಲ್ಲಿ ಕೈಕಾಲು ಬೆರಳು ಮೊಟಕಾದ ವರದಿಗಳು 1990ರ ದಶಕದ ಆರಂಭದಲ್ಲಿ ಬಂದವು. ಆಮ್ನಿಯೋವನ್ನೂ ಬೇಗ ಮಾಡಿ ನೋಡಿದ್ದರು. ಕೆನಡಾದ ದೊಡ್ಡ ಅಧ್ಯಯನವೊಂದು 1998ರಲ್ಲಿ ಹೇಳಿದ್ದೇನೆಂದರೆ, 11–12 ವಾರಕ್ಕೇ ನೀರು ತೆಗೆದವರ ಮಕ್ಕಳಲ್ಲಿ ಪಾದ ತಿರುಚಿಕೊಂಡದ್ದು ಶೇ 1.3, ಸರಿಯಾದ ವಾರಕ್ಕೆ ತೆಗೆದವರಲ್ಲಿ ಶೇ 0.1. ಹಾಗಾಗಿ ‘13 ವಾರಕ್ಕೇ ನೀರು ತೆಗೆದುಬಿಡೋಣ’ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ.

ಗರ್ಭಪಾತದ ಭಯ ಎಲ್ಲರಿಗೂ ಇರುತ್ತದೆ. ಹಿಂದೆ ‘ನೂರಕ್ಕೆ ಒಂದು’ ಎನ್ನುತ್ತಿದ್ದರು. ಈಗಿನ ಲೆಕ್ಕದಲ್ಲಿ, ಪಳಗಿದ ಕೈಯಲ್ಲಿ, ಎರಡೂ ಪರೀಕ್ಷೆಗಳಿಂದ ಹೆಚ್ಚುವರಿಯಾಗಿ ಆಗುವ ನಷ್ಟ ಸಾವಿರಕ್ಕೆ 5ಕ್ಕಿಂತ ಕಡಿಮೆ. ಹೆಚ್ಚುವರಿ ಎನ್ನುವುದನ್ನು ಗಮನಿಸಿ. ಆ ವಾರಗಳಲ್ಲಿ ಸೂಜಿ ಹಾಕದೆಯೂ ತಾನಾಗಿ ಕಳೆದುಹೋಗುವ ಗರ್ಭಗಳಿವೆ. ಸಿವಿಎಸ್ ಆದವರಲ್ಲಿ ನಷ್ಟ ಹೆಚ್ಚಾಗಿ ಕಾಣುವುದಕ್ಕೆ ಅದೇ ಮುಖ್ಯ ಕಾರಣ, ಏಕೆಂದರೆ ಅದನ್ನು ಮಾಡುವುದೇ ಇನ್ನೂ ಎಳೆಯ ಗರ್ಭದಲ್ಲಿ.

ಸಿವಿಎಸ್‌ನ ನಿಜವಾದ ಕೊರತೆ ಬೇರೆ ಕಡೆ ಇದೆ. ನೂರರಲ್ಲಿ ಒಂದೆರಡು ಸಲ ಮಾಸಿನ ಕೆಲವು ಕೋಶಗಳಲ್ಲಿ ವರ್ಣತಂತು ಹೆಚ್ಚುಕಡಿಮೆ ಇದ್ದು, ಮಗುವಿನಲ್ಲಿ ಎಲ್ಲ ಸರಿಯಿರುತ್ತದೆ. ಆಗ ವರದಿ ‘ಮೊಸಾಯಿಕ್’ ಎಂದು ಬರುತ್ತದೆ, ಖಾತ್ರಿಗೆ ಮತ್ತೆ 16 ವಾರಕ್ಕೆ ಆಮ್ನಿಯೋ ಆಗಬೇಕು. ಅಲ್ಲಿಗೆ ಎರಡು ಸೂಜಿ.

ನಿಮ್ಮ ವಿಷಯದಲ್ಲಿ ನಮ್ಮ ಅಭಿಪ್ರಾಯ: ವಾರಕ್ಕೆ ಒಂದೆರಡಾದರೂ ಸಿವಿಎಸ್ ಮಾಡುವ ಫೀಟಲ್ ಮೆಡಿಸಿನ್ (ಗರ್ಭದಲ್ಲಿರುವ ಮಗುವಿನ ಚಿಕಿತ್ಸೆ) ತಜ್ಞರು ಸಿಗುವುದಾದರೆ ಈಗಲೇ ಮಾಡಿಸಿ. 13–14 ವಾರಕ್ಕೆ ಉತ್ತರ ಕೈಯಲ್ಲಿರುತ್ತದೆ, ಮುಂದಿನ ನಿರ್ಧಾರ ಯಾವುದೇ ಆಗಲಿ, ಸಮಯ ಇರುತ್ತದೆ. ಅಪರೂಪಕ್ಕೊಮ್ಮೆ ಮಾಡುವವರಾದರೆ 16 ವಾರದವರೆಗೆ ಕಾದು ಆಮ್ನಿಯೋ ಮಾಡಿಸುವುದೇ ವಾಸಿ, ಏಕೆಂದರೆ ಸಿವಿಎಸ್‌ಗೆ ಬೇಕಾದ ಕೈಚಳಕ ಹೆಚ್ಚು. ‘ಸರ್, ವರ್ಷಕ್ಕೆ ಎಷ್ಟು ಮಾಡ್ತೀರಿ?’ ಎಂದು ಕೇಳಲು ಸಂಕೋಚ ಬೇಡ. ಸೂಜಿಯೇ ಬೇಡವೆನಿಸಿದರೆ ಬೇಡ ಎನ್ನುವ ಹಕ್ಕೂ ನಿಮ್ಮದು.

ಪ್ರಶ್ನೆ: ಸೋದರಮಾವನನ್ನೇ ಮದುವೆಯಾಗಿದ್ದೇನೆ. ಮೊದಲ ಮಗುವಿಗೆ ಥಲಸ್ಸೇಮಿಯಾ ಮೇಜರ್, ತಿಂಗಳಿಗೊಮ್ಮೆ ರಕ್ತ ಹಾಕಿಸುತ್ತೇವೆ. ಈಗ ಮತ್ತೆ 8 ವಾರ. ‘ಒಂದು ಮಗುವಿಗೆ ಬಂದಾಯ್ತು, ಇನ್ನು ಮೂರು ಮಕ್ಕಳಿಗೆ ಬರಲ್ಲ’ ಎನ್ನುತ್ತಾರೆ. ನಿಜವೇ? ಯಾವ ಪರೀಕ್ಷೆ?
(ಗೌರಿಬಿದನೂರು)

ಉತ್ತರ: ನಿಜವಲ್ಲ. ‘ನಾಲ್ಕರಲ್ಲಿ ಒಂದು’ ಎಂಬ ಲೆಕ್ಕ ಪ್ರತಿ ಬಸಿರಿಗೂ ಹೊಸದಾಗಿ ಶುರುವಾಗುತ್ತದೆ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ಒಂದು ದೋಷಯುಕ್ತ ಜೀನ್ ಇದ್ದೂ ಆರೋಗ್ಯವಾಗಿರುವವರಾದರೆ, ಪ್ರತಿ ಸಲವೂ ಶೇ 25 ಮೇಜರ್, ಶೇ 50 ನಿಮ್ಮ ಹಾಗೆಯೇ ಆರೋಗ್ಯವಾಗಿರುವ ವಾಹಕ, ಶೇ 25 ಏನೂ ಇಲ್ಲ. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಒಂದೇ ಹಿರಿಯರ ದೋಷಯುಕ್ತ ಜೀನ್ ಎರಡೂ ಕಡೆಯಿಂದ ಬಂದು ಕೂಡುವ ಸಾಧ್ಯತೆ ಹೆಚ್ಚು. ಮದುವೆ ಆಗಿದೆ, ಅದನ್ನು ಎತ್ತಿ ಆಡಿ ಪ್ರಯೋಜನವಿಲ್ಲ. ಈಗ ಬೇಕಾಗಿರುವುದು ಕೆಲಸದ ಮಾತು.

ನಿಮಗೆ ಸಿವಿಎಸ್ಸೇ ಸರಿ, 11 ವಾರ ತುಂಬಿದ ಕೂಡಲೇ. ಮೇಲೆ ಹೇಳಿದ ಮೊಸಾಯಿಕ್ ತೊಂದರೆ ವರ್ಣತಂತುಗಳ ಎಣಿಕೆಯದು. ಥಲಸ್ಸೇಮಿಯಾದಂಥ ಒಂದೇ ಜೀನಿನ ಕಾಯಿಲೆಗೆ ಅದು ಅಡ್ಡ ಬರುವುದಿಲ್ಲ, ಮಾಸಿನಲ್ಲೂ ಮಗುವಿನಲ್ಲೂ ಆ ಜೀನ್ ಒಂದೇ. ಮಾಸಿನ ಎಳೆಗಳಿಂದ ಡಿಎನ್‌ಎ ಧಾರಾಳವಾಗಿ ಸಿಗುವುದರಿಂದ ಕೋಶ ಬೆಳೆಸಿ ಕಾಯುವ ಕೆಲಸವೂ ಇಲ್ಲ. ಆಮ್ನಿಯೋ ನೀರಿನಲ್ಲಿ ಕೋಶ ಕಡಿಮೆ, ಎಷ್ಟೋ ಸಲ ಬೆಳೆಸಬೇಕಾಗುತ್ತದೆ.

ಆದರೆ ಸೂಜಿಗಿಂತ ಮುಂಚಿನ ಕೆಲಸವೇ ಇಲ್ಲಿ ಮುಖ್ಯ. ಈ ಕಾಯಿಲೆಗೆ ಕಾರಣವಾಗುವ ಬೀಟಾ ಗ್ಲೋಬಿನ್ ಜೀನಿನಲ್ಲಿ ನೂರಾರು ಬಗೆಯ ದೋಷಗಳಿವೆ. ನಿಮ್ಮ ಮನೆಯದು ಯಾವುದು ಎಂದು ಗೊತ್ತಿಲ್ಲದೆ ಮಾಸಿನ ತುಂಡು ಕಳಿಸಿದರೆ ಲ್ಯಾಬಿನವರು ಕತ್ತಲಲ್ಲಿ ಹುಡುಕಬೇಕು. ಈ ವಾರವೇ ಮೂವರ ರಕ್ತವನ್ನೂ, ಅಂದರೆ ನೀವು, ನಿಮ್ಮ ಯಜಮಾನರು, ಮಗು, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 3–4 ಮಿ.ಲೀ. ಕೊಟ್ಟು ಜೀನ್ ಪರೀಕ್ಷೆ ಮಾಡಿಸಿ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಐವಿಎಸ್ 1-5 ಎಂಬ ದೋಷವೇ ಆಗಿದ್ದರೆ ಬೇಗ ಸಿಗುತ್ತದೆ, ಅಪರೂಪದ್ದಾದರೆ ಪೂರ್ತಿ ಜೀನ್ ಓದಬೇಕು, ಅದಕ್ಕೆ ದಿನ ಹಿಡಿಯುತ್ತದೆ. ಮಗುವಿನ ರಕ್ತವನ್ನು ಮುಂದಿನ ಸಲ ರಕ್ತ ಹಾಕಿಸುವುದಕ್ಕೆ ಮುಂಚೆ ತೆಗೆಸಿ. ಹಾಕಿದ ಮೇಲೆ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆಗಳನ್ನು ಬಿಡಿಸಿ ಅಳೆಯುವ ಪರೀಕ್ಷೆ) ಮಾಡಿದರೆ ದಾನಿಯ ಹಿಮೋಗ್ಲೋಬಿನ್ ಕೂಡ ಬೆರೆತು ಕಾಣುತ್ತದೆ. ದೊಡ್ಡವರಿಬ್ಬರ ಎಚ್‌ಪಿಎಲ್‌ಸಿಯಲ್ಲಿ ಎಚ್‌ಬಿ ಎ2 ಎಂಬ ಬಗೆಯ ಹಿಮೋಗ್ಲೋಬಿನ್ ಶೇ 3.5ಕ್ಕಿಂತ ಮೇಲಿದ್ದರೆ ವಾಹಕ ಎಂಬ ಅನುಮಾನ ಗಟ್ಟಿ. ಕಬ್ಬಿಣಾಂಶ ತೀರಾ ಕಡಿಮೆ ಇದ್ದರೆ ಈ ಅಂಕಿ ಸುಳ್ಳು ಹೇಳಬಹುದು, ಎಚ್ಚರ.

ಇಲ್ಲಿ ಆಗುವ ದೊಡ್ಡ ಎಡವಟ್ಟು ಒಂದಿದೆ. ಚೀಟಿಯಲ್ಲಿ ‘ಸಿವಿಎಸ್, ಕ್ಯಾರಿಯೋಟೈಪ್’ ಎಂದು ಬರೆದು ಕಳಿಸಿ, ‘ನಾರ್ಮಲ್’ ಎಂದು ವರದಿ ಬಂದು, ಮನೆಯವರು ನಿರಾಳವಾಗುವುದು. ಕ್ಯಾರಿಯೋಟೈಪ್ ವರ್ಣತಂತು ಎಣಿಸುತ್ತದೆಯೇ ಹೊರತು ಥಲಸ್ಸೇಮಿಯಾ ನೋಡುವುದಿಲ್ಲ. ವರ್ಣತಂತುವಿನ ಸಣ್ಣ ತುಂಡುಗಳ ಹೆಚ್ಚುಕಡಿಮೆ ಹುಡುಕುವ ಮೈಕ್ರೋಅರೇ ಕೂಡ ನೋಡುವುದಿಲ್ಲ. ಚೀಟಿಯಲ್ಲಿ ‘ಬೀಟಾ ಥಲಸ್ಸೇಮಿಯಾ, ಮನೆಯ ತಿಳಿದ ಮ್ಯುಟೇಷನ್ ಇದು’ ಎಂದು ಬರೆದಿದೆಯೇ, ಜೊತೆಗೆ ‘ತಾಯಿಯ ಕೋಶ ಬೆರೆತಿಲ್ಲ ಎಂಬ ಪರೀಕ್ಷೆ’ ಸೇರಿದೆಯೇ, ನೀವೇ ಓದಿ ನೋಡಿ. ಮಾಸಿನ ಎಳೆಗೆ ಗರ್ಭಕೋಶದ ಒಳಪದರ ಅಂಟಿಕೊಂಡು ಬಂದಿರುತ್ತದೆ. ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸದಿದ್ದರೆ ಮಗುವಿನ ವರದಿಯ ಬದಲು ತಾಯಿಯ ವರದಿ ಬರುತ್ತದೆ. ತಾಯಿ ವಾಹಕಳಾದ್ದರಿಂದ ‘ಟ್ರೈಟ್’ (ಬರೀ ವಾಹಕ) ಎಂದು ಬಂದು, ಯಾರಿಗೂ ಅನುಮಾನವೇ ಬರದೆ ಹೋಗಬಹುದು.

ಪ್ರಶ್ನೆ: ಸೊಸೆಗೆ ಹೊಟ್ಟೆಗೆ ಸೂಜಿ ಚುಚ್ಚಿ ನೀರು ತೆಗೀಬೇಕು ಅಂದವ್ರೆ. ಮಗುವಿಗೆ ಚುಚ್ಚಿಕೊಳ್ಳಲ್ವಾ? ಇದ್ದ ನೀರು ತೆಗೆದ್ರೆ ಮಗು ಒಣಗಲ್ವಾ? ಆಮೇಲೆ ಎಷ್ಟು ದಿನ ಮಲಗಿಸ್ಬೇಕು?
(ಮಾಲೂರು)

ಉತ್ತರ: ಅಮ್ಮಾ, ಆ ಕೋಣೆಯಲ್ಲಿ ನಡೆಯುವುದನ್ನು ಇದ್ದ ಹಾಗೆ ಹೇಳುತ್ತೇವೆ. ಸೊಸೆ ಮೂತ್ರ ಮಾಡಿ ಬಂದು ಮಲಗುತ್ತಾರೆ. ಮೊದಲು ಸ್ಕ್ಯಾನ್: ಮಗುವಿನ ಎದೆಬಡಿತ, ಮಾಸು ಇರುವ ಜಾಗ, ಮಗುವಿಲ್ಲದ ನೀರಿನ ಜಾಗ. ಹೊಟ್ಟೆಗೆ ಔಷಧ ಬಳಿದು ಶುದ್ಧ ಬಟ್ಟೆ ಹೊದಿಸುತ್ತಾರೆ, ಸ್ಕ್ಯಾನಿನ ಪ್ರೋಬಿಗೂ ಶುದ್ಧ ಕವಚ ಹಾಕುತ್ತಾರೆ. 20 ಅಥವಾ 22 ಗೇಜಿನ ಉದ್ದನೆಯ ತೆಳು ಸೂಜಿ. ಅದರ ತುದಿ ಸ್ಕ್ಯಾನ್ ಪರದೆಯ ಮೇಲೆ ಬೆಳ್ಳಗಿನ ಚುಕ್ಕೆಯಾಗಿ ಕಾಣುತ್ತಲೇ ಇರಬೇಕು. ಕಾಣದಿದ್ದರೆ ಮುಂದೆ ತಳ್ಳುವುದಿಲ್ಲ. ನಿಧಾನಕ್ಕೆ ತಳ್ಳಿದರೆ ನೀರಿನ ಚೀಲ ತೂತಾಗದೆ ಒಳಕ್ಕೆ ಜಗ್ಗುತ್ತದೆ, ಅದಕ್ಕೇ ಒಂದೇ ಬಿರುಸಿಗೆ ಹಾಕುವುದು. ಮೊದಲ 2 ಮಿ.ಲೀ. ನೀರನ್ನು ಚೆಲ್ಲುತ್ತಾರೆ, ದಾರಿಯಲ್ಲಿ ಅಂಟಿದ ತಾಯಿಯ ಕೋಶ ಅದರಲ್ಲಿರುತ್ತದೆ. ಆಮೇಲೆ 15–20 ಮಿ.ಲೀ. ಎಳೆದುಕೊಂಡು ಸೂಜಿ ಹೊರಗೆ. ಎರಡು ನಿಮಿಷದ ಕೆಲಸ. ನೀರು ತಿಳಿ ಹಳದಿ ಬಣ್ಣಕ್ಕಿರುತ್ತದೆ. ಕಂದು ಇದ್ದರೆ ಹಿಂದೆಂದೋ ಒಳಗೆ ರಕ್ತ ಒಸರಿತ್ತು ಎಂದು ಅರ್ಥ. ಕೊನೆಗೆ ಮಗುವಿನ ಎದೆಬಡಿತವನ್ನು ತಾಯಿಗೇ ತೋರಿಸುತ್ತಾರೆ.

16 ವಾರಕ್ಕೆ ಒಳಗೆ ಸುಮಾರು 200 ಮಿ.ಲೀ. ನೀರಿರುತ್ತದೆ. ತೆಗೆದದ್ದು ಮಗುವಿನ ಮೂತ್ರದಿಂದಲೇ ಬೇಗ ತುಂಬಿಕೊಳ್ಳುತ್ತದೆ. ಮಗುವಿಗೆ ತಗಲುವುದು ಸ್ಕ್ಯಾನ್ ನೋಡುತ್ತಾ ಮಾಡುವಾಗ ತೀರಾ ಅಪರೂಪ. ಎರಡು ಸಲ ಹಾಕಿಯೂ ನೀರು ಬರದಿದ್ದರೆ ಅಂದಿಗೆ ನಿಲ್ಲಿಸಿ ಇನ್ನೊಂದು ದಿನ ಕರೆಯಬೇಕು, ಮೂರನೆಯದಕ್ಕೆ ಹೋಗಬಾರದು.

ಹಾಸಿಗೆ ಹಿಡಿದು ಮಲಗಿದರೆ ಗರ್ಭ ಉಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಒಂದೆರಡು ದಿನ ನೀರಿನ ಕೊಡ, ಹಾಲಿನ ಕ್ಯಾನು, ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತುವುದು ಬೇಡ, ಗಂಡ ಹೆಂಡತಿ ಕೂಡುವುದೂ ಬೇಡ. ಮನೆಯೊಳಗಿನ ಓಡಾಟ ಇರಲಿ. ಮುಟ್ಟಿನ ನೋವಿನಂತೆ ಸ್ವಲ್ಪ ಹಿಂಡಿದರೆ ಪ್ಯಾರಾಸಿಟಮಾಲ್ 500 ಸಾಕು, ಬ್ರೂಫೆನ್ ಬೇಡ. ಕೆಳಗೆ ನೀರು ಸೋರುವುದು, ರಕ್ತ, ನಡುಗಿಸಿ ಬರುವ 100.4 ಡಿಗ್ರಿ ದಾಟಿದ ಜ್ವರ, ವಾಸನೆಯ ಸ್ರಾವ, ಬಿಟ್ಟುಬಿಟ್ಟು ಬಿಗಿಯುವ ಹೊಟ್ಟೆನೋವು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿ ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ. ಆಮ್ನಿಯೋ ಆದ ನೂರರಲ್ಲಿ ಒಬ್ಬರಿಗೆ ಸ್ವಲ್ಪ ನೀರು ಸೋರಬಹುದು. ಬಹಳಷ್ಟು ಸಲ ಅದು ತಾನಾಗಿ ನಿಲ್ಲುತ್ತದೆ, ಆದರೆ ನೋಡಿ ಹೇಳುವುದು ಡಾಕ್ಟರ ಕೆಲಸ.

ಪ್ರಶ್ನೆ: ವಯಸ್ಸು 29, ಈಗ 14 ವಾರ. ಎನ್‌ಐಪಿಟಿ ರಕ್ತಪರೀಕ್ಷೆಯಲ್ಲಿ ‘ಟ್ರೈಸೋಮಿ 21 (ಡೌನ್ ಸಿಂಡ್ರೋಮ್) ಹೈ ರಿಸ್ಕ್’ ಬಂದಿದೆ. ಎನ್‌ಟಿ ಸ್ಕ್ಯಾನ್ ಚೆನ್ನಾಗಿತ್ತು. ಶೇ 99 ನಿಖರ ಎಂದು ಬರೆದಿದ್ದಾರೆ. ಮತ್ತೆ ಸೂಜಿ ಏಕೆ?
(ತುಮಕೂರು)

ಉತ್ತರ: ಆ ಶೇ 99 ಎಂದರೆ, ಡೌನ್ ಸಿಂಡ್ರೋಮ್ ಇರುವ ನೂರು ಗರ್ಭಗಳಲ್ಲಿ 99ನ್ನು ಹಿಡಿಯುತ್ತದೆ ಎಂದು. ‘ಹೈ ರಿಸ್ಕ್’ ಬಂದವರಲ್ಲಿ ಶೇ 99 ಜನರಿಗೆ ಕಾಯಿಲೆ ಇದೆ ಎಂದಲ್ಲ. ವಯಸ್ಸು ಕಡಿಮೆ ಇದ್ದಷ್ಟೂ ಕಾಯಿಲೆಯೇ ಅಪರೂಪ, ಹಾಗಾಗಿ ಸುಳ್ಳು ಎಚ್ಚರಿಕೆಯ ಪಾಲು ಹೆಚ್ಚು. ಟ್ರೈಸೋಮಿ 13ರ (13ನೇ ವರ್ಣತಂತು ಒಂದು ಹೆಚ್ಚಿರುವುದು) ವಿಷಯದಲ್ಲಂತೂ ಸುಳ್ಳು ಇನ್ನೂ ಜಾಸ್ತಿ. ಈ ವರದಿ ಒಂದನ್ನೇ ನಂಬಿ ಗರ್ಭ ತೆಗೆಸುವುದು ಸರಿಯಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ಎನ್‌ಐಪಿಟಿ ನೋಡುವುದು ತಾಯಿಯ ರಕ್ತದಲ್ಲಿ ತೇಲುವ ‘ಮಗುವಿನ ಡಿಎನ್‌ಎ’ ಎನ್ನುತ್ತಾರಲ್ಲ, ಅದು ಬರುವುದು ಮಾಸಿನ ಹೊರಪದರದಿಂದ. ಸಿವಿಎಸ್ ಕೂಡ ಮಾಸನ್ನೇ ತೆಗೆಯುತ್ತದೆ. ದೋಷ ಮಾಸಿನಲ್ಲಿ ಮಾತ್ರ ಇದ್ದರೆ ಎರಡೂ ಒಂದೇ ತಪ್ಪನ್ನು ಹೇಳುವ ಸಂಭವವಿದೆ. ನಿಮ್ಮ ಸ್ಕ್ಯಾನ್ ಚೆನ್ನಾಗಿದೆ, ಸಿವಿಎಸ್‌ನ ಸಮಯವೂ ದಾಟಿದೆ. 15 ವಾರ ತುಂಬಿದ ಮೇಲೆ ಆಮ್ನಿಯೋ ಮಾಡಿಸಿ. ಎನ್‌ಟಿ ದಪ್ಪವಾಗಿದ್ದು, ಹೃದಯದಲ್ಲೋ ಇನ್ನೆಲ್ಲೋ ದೋಷ ಕಂಡಿದ್ದರೆ ಸಿವಿಎಸ್ಸೂ ಸರಿಯೇ ಎನ್ನುತ್ತಿದ್ದೆವು.

ಪ್ರಶ್ನೆ: ನನ್ನದು ಓ ನೆಗೆಟಿವ್, ಯಜಮಾನರದು ಬಿ ಪಾಸಿಟಿವ್. ಆಮ್ನಿಯೋ ಮಾಡಿಸಬಹುದೇ?
(ಮುಳಬಾಗಿಲು)

ಉತ್ತರ: ಮಾಡಿಸಬಹುದು. ಮೊದಲು ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಆಗಲಿ, ಪಾಸಿಟಿವ್ ರಕ್ತದ ವಿರುದ್ಧ ನಿಮ್ಮ ದೇಹದಲ್ಲಿ ಪ್ರತಿಕಾಯ ಹುಟ್ಟಿದೆಯೇ ಎಂದು ಅದು ನೋಡುತ್ತದೆ. ಅದು ನೆಗೆಟಿವ್ ಇದ್ದರೆ, ಸೂಜಿ ಹಾಕಿದ 72 ಗಂಟೆಯೊಳಗೆ ಅಂಥ ಪ್ರತಿಕಾಯ ಹುಟ್ಟದಂತೆ ತಡೆಯುವ 300 ಮೈಕ್ರೋಗ್ರಾಂ ಆಂಟಿ-ಡಿ ಚುಚ್ಚುಮದ್ದು ಬೀಳಲೇಬೇಕು. ಸಿವಿಎಸ್‌ಗೂ ಇದೇ ಮಾತು. ಚುಚ್ಚುಮದ್ದನ್ನು ಅಲ್ಲೇ ಹಾಕಿಸಿಕೊಂಡು ಊರಿಗೆ ಹೊರಡಿ, ‘ಊರಲ್ಲಿ ಹಾಕಿಸೋಣ’ ಎಂದು ಬಂದು ಔಷಧ ಸಿಗದೆ ಪರದಾಡುವುದು ಬೇಡ. ಎಚ್‌ಐವಿ, ಹೆಪಟೈಟಿಸ್ ಬಿ ವರದಿಯೂ ಕೈಯಲ್ಲಿರಲಿ. ಪಾಸಿಟಿವ್ ಇದ್ದರೆ ವೈರಸ್ ಪ್ರಮಾಣ ನೋಡಿಕೊಂಡು, ಆದಷ್ಟೂ ಮಾಸನ್ನು ತಪ್ಪಿಸಿ ಸೂಜಿ ಹಾಕುತ್ತಾರೆ.

ಪ್ರಶ್ನೆ: ನನ್ನ ತಮ್ಮನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯು ಸವೆಯುವ ಆನುವಂಶಿಕ ಕಾಯಿಲೆ), ಈಗ ವೀಲ್‌ಚೇರಿನಲ್ಲಿದ್ದಾನೆ. ಇದು ಗಂಡುಮಕ್ಕಳಿಗೇ ಬರುವುದಂತೆ. ಹಾಗಾದರೆ ನನ್ನ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ತಿಳಿಯಲು ಕಾನೂನು ಬಿಡುತ್ತದೆಯೇ?
(ತಿಪಟೂರು)

ಉತ್ತರ: ಗಂಡೋ ಹೆಣ್ಣೋ ಎನ್ನುವುದು ನಿಮಗೆ ಬೇಕಾದ ಉತ್ತರವೇ ಅಲ್ಲ. ಬೇಕಾದದ್ದು ಮಗುವಿಗೆ ಕಾಯಿಲೆ ಇದೆಯೋ ಇಲ್ಲವೋ. 1994ರ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ನಿಷೇಧ) ಕಾಯ್ದೆ ಲಿಂಗಸಂಬಂಧಿ ಆನುವಂಶಿಕ ಕಾಯಿಲೆಗಳಿಗೆ ಗರ್ಭಪರೀಕ್ಷೆ ಮಾಡಲು ಅವಕಾಶ ಕೊಟ್ಟಿದೆ. ಆದರೆ ಲಿಂಗವನ್ನು ನಿಮಗಾಗಲಿ, ಮನೆಯವರಿಗಾಗಲಿ, ಮಾತಿನಲ್ಲೋ ಸನ್ನೆಯಲ್ಲೋ ತಿಳಿಸುವಂತಿಲ್ಲ. ಲ್ಯಾಬಿನವರು ಒಳಗೆ ಲೆಕ್ಕ ಹಾಕಿಕೊಂಡು, ವರದಿಯಲ್ಲಿ ‘ಕಾಯಿಲೆ ಇದೆ’ ಅಥವಾ ‘ಇಲ್ಲ’ ಎಂದಷ್ಟೇ ಕೊಡುತ್ತಾರೆ.

ಅದಕ್ಕೂ ಮೊದಲು ನೀವು ವಾಹಕರೇ ಎಂಬುದು ತೀರ್ಮಾನವಾಗಬೇಕು. ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳಲ್ಲಿ ದೋಷ ಹೊಸದಾಗಿ ಹುಟ್ಟಿರುತ್ತದೆ, ತಾಯಿಯಿಂದ ಬಂದಿರುವುದಿಲ್ಲ. ತಮ್ಮನ ರಕ್ತದಲ್ಲಿ ಎಂಎಲ್‌ಪಿಎ ಪರೀಕ್ಷೆ ಮಾಡಿಸಿ ಜೀನಿನ ಯಾವ ತುಂಡು ಬಿಟ್ಟುಹೋಗಿದೆ ನೋಡಿ, ಅದೇ ತುಂಡನ್ನು ನಿಮ್ಮಲ್ಲಿ ಹುಡುಕುತ್ತಾರೆ. ತುಂಡು ಬಿಟ್ಟುಹೋಗಿಲ್ಲವೆಂದಾದರೆ ಪೂರ್ತಿ ಜೀನ್ ಓದಬೇಕು. ನಿಮ್ಮ ಸಿಪಿಕೆ (ಸ್ನಾಯು ಕಿಣ್ವದ ರಕ್ತಪರೀಕ್ಷೆ) ನಾರ್ಮಲ್ ಬಂದಿತೆಂದು ವಾಹಕರಲ್ಲ ಎನ್ನಲಾಗದು. ವಾಹಕರೆಂದಾದರೆ ಮಾತ್ರ 11 ವಾರಕ್ಕೆ ಸಿವಿಎಸ್. ವಾಹಕರಲ್ಲದಿದ್ದರೆ ಸೂಜಿಯೇ ಬೇಡ. ತಮ್ಮನ ರಕ್ತವನ್ನು ನಾಳೆಯೇ ಕೊಡಿಸಿ, ಡಿಎನ್‌ಎಯನ್ನು ಲ್ಯಾಬಿನಲ್ಲಿ ತೆಗೆದಿಟ್ಟರೆ ನಿಮ್ಮ ಅಕ್ಕತಂಗಿಯರಿಗೂ ಮುಂದೆ ಆಗುತ್ತದೆ.

ಪ್ರಶ್ನೆ: 21 ವಾರಕ್ಕೆ ಅನಾಮಲಿ ಸ್ಕ್ಯಾನ್‌ನಲ್ಲಿ ಮಗುವಿನ ಹೃದಯದಲ್ಲಿ ದೋಷ ಇದೆ ಎಂದರು. ‘ಆಮ್ನಿಯೋಗೆ ತಡವಾಯ್ತು, ಹೊಕ್ಕುಳಬಳ್ಳಿ ರಕ್ತ ತೆಗೆಸಬೇಕು’ ಎಂದು ಒಬ್ಬರು ಹೇಳುತ್ತಾರೆ.
(ಚಿಂತಾಮಣಿ)

ಉತ್ತರ: ಆಮ್ನಿಯೋಗೆ ತಡವೆನ್ನುವುದು ಹಳೆಯ ಮಾತು. 15 ವಾರದ ನಂತರ ಯಾವಾಗ ಬೇಕಾದರೂ ಮಾಡಬಹುದು. ಹಿಂದೆ ಕ್ಯಾರಿಯೋಟೈಪ್‌ಗೆ ಎರಡು ಮೂರು ವಾರ ಕಾಯಬೇಕಿತ್ತು, ಬಳ್ಳಿಯ ರಕ್ತದಲ್ಲಾದರೆ ಕೆಲವೇ ದಿನಕ್ಕೆ ಬರುತ್ತಿತ್ತು, ಅದಕ್ಕೇ ಕಾರ್ಡೋಸೆಂಟೆಸಿಸ್. ಈಗ ನೀರಿನಿಂದಲೇ 13, 18, 21ರಂಥ ಕೆಲವೇ ವರ್ಣತಂತು ಎಣಿಸುವ ಕ್ಯೂಎಫ್-ಪಿಸಿಆರ್ 2–3 ದಿನಕ್ಕೆ, ಮೈಕ್ರೋಅರೇ ಎರಡು ವಾರದ ಆಸುಪಾಸಿಗೆ ಸಿಗುತ್ತದೆ. ಬಳ್ಳಿಗೆ ಸೂಜಿ ಹಾಕಿದರೆ ಮಗುವಿನ ಎದೆಬಡಿತ ನಿಧಾನವಾಗುವುದು, ಬಳ್ಳಿಯಲ್ಲಿ ರಕ್ತ ಒಸರುವುದು ಉಂಟು, ನಷ್ಟ ಶೇ 1–2. ಮಗುವಿಗೆ ರಕ್ತಹೀನತೆಯ ಅನುಮಾನವಿದ್ದು, ಹೊಟ್ಟೆಯಲ್ಲೇ ರಕ್ತ ಕೊಡಬೇಕಾದಂಥ ಕಡೆ ಅದು ಬೇಕು. ನಿಮಗೆ ಬೇಡ.

ಹೃದಯದ ದೋಷವಿದ್ದಾಗ ಬರೀ 13, 18, 21ರ ಎಣಿಕೆ ಸಾಲದು. 22ನೇ ವರ್ಣತಂತುವಿನ ಸಣ್ಣ ತುಂಡು ಬಿಟ್ಟುಹೋಗುವ 22ಕ್ಯೂ11 ಎಂಬ ಸ್ಥಿತಿ ಕ್ಯಾರಿಯೋಟೈಪ್‌ನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಮೈಕ್ರೋಅರೇಯಲ್ಲಿ ಕಾಣುತ್ತದೆ. ಫೀಟಲ್ ಎಕೋವನ್ನೂ (ಮಗುವಿನ ಹೃದಯದ ಸ್ಕ್ಯಾನ್) ಅದೇ ವಾರ ಮಾಡಿಸಿ, ಮಕ್ಕಳ ಹೃದ್ರೋಗ ತಜ್ಞರ ಹತ್ತಿರ ‘ಹುಟ್ಟಿದ ಮೇಲೆ ಆಪರೇಷನ್ನಿಂದ ಸರಿಹೋಗುವಂಥದ್ದೇ?’ ಎಂದು ಕೇಳಿ. ಎಷ್ಟೋ ದೋಷಗಳು ಸರಿಹೋಗುವಂಥವೇ.

ದಿನ ಎಣಿಸಬೇಕಾದ್ದು ಕಾನೂನಿನ ಕಾರಣಕ್ಕೆ. 2021ರ ತಿದ್ದುಪಡಿಯಂತೆ ಗರ್ಭಪಾತಕ್ಕೆ 20 ವಾರದವರೆಗೆ ಒಬ್ಬ ವೈದ್ಯರ, 20ರಿಂದ 24 ವಾರದವರೆಗೆ ಭ್ರೂಣದ ದೋಷ ಮುಂತಾದ ನಿಗದಿತ ಕಾರಣಗಳಿಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. 24 ದಾಟಿದರೆ ಗಂಭೀರ ದೋಷವೆಂದು ಮೆಡಿಕಲ್ ಬೋರ್ಡ್ ಹೇಳಬೇಕು. ಅರ್ಜಿ ಕೊಟ್ಟ ಮೂರು ದಿನದಲ್ಲಿ ಬೋರ್ಡ್ ತೀರ್ಮಾನ ತಿಳಿಸಬೇಕು ಎಂದು ನಿಯಮವಿದೆ. ವಯಸ್ಕ ಮಹಿಳೆಯಾದರೆ ಒಪ್ಪಿಗೆ ಅವಳದ್ದೊಂದೇ ಸಾಕು, ಗಂಡನ ಸಹಿ ಕಾನೂನು ಕೇಳುವುದಿಲ್ಲ.

ಪ್ರಶ್ನೆ: ಆಮ್ನಿಯೋ ಆಗಿ ಮೂರನೇ ದಿನಕ್ಕೆ ‘ನಾರ್ಮಲ್’ ಎಂದು ಒಂದು ವರದಿ ಬಂತು. ಈಗ ‘ಕಲ್ಚರ್ ಫೇಲ್ ಆಗಿದೆ’ ಎಂದು ಫೋನ್ ಮಾಡಿದ್ದಾರೆ. ಯಾವುದನ್ನು ನಂಬುವುದು?
(ಬಾಗೇಪಲ್ಲಿ)

ಉತ್ತರ: ಎರಡೂ ಬೇರೆ ಬೇರೆ ಪರೀಕ್ಷೆ. ಮೂರನೇ ದಿನ ಬಂದದ್ದು ಕ್ಯೂಎಫ್-ಪಿಸಿಆರ್ ಅಥವಾ ಫಿಶ್ ಇರಬೇಕು. ಅದು 13, 18, 21 ಮತ್ತು ಲಿಂಗ ವರ್ಣತಂತುಗಳ ಸಂಖ್ಯೆಯನ್ನಷ್ಟೇ ನೋಡುತ್ತದೆ, ಅಷ್ಟರ ಮಟ್ಟಿಗೆ ನಂಬಬಹುದು. ಕಲ್ಚರ್ ಎಂದರೆ ಕೋಶಗಳನ್ನು ಬೆಳೆಸಿ ಎಲ್ಲ 46 ವರ್ಣತಂತುಗಳನ್ನು ನೋಡುವುದು. ಕೋಶ ಬೆಳೆಯದಿರಲು ಕಾರಣಗಳು: ನೀರಿನಲ್ಲಿ ರಕ್ತ ಹೆಚ್ಚು ಬೆರೆತಿರುವುದು, ಸೋಂಕು ತಗಲಿರುವುದು, ವಾರ ಹೆಚ್ಚಾದಷ್ಟೂ ಜೀವಂತ ಕೋಶ ಕಡಿಮೆಯಾಗಿರುವುದು, ಸಾಗಿಸುವಾಗ ಕೆಟ್ಟಿರುವುದು. ಏಪ್ರಿಲ್ ಬಿಸಿಲಲ್ಲಿ ಕೊರಿಯರ್ ಡಬ್ಬದಲ್ಲಿ ಕಾದ ಟ್ಯೂಬೂ ಹಾಳು, ಫ್ರೀಜರಿನಲ್ಲಿಟ್ಟ ಟ್ಯೂಬೂ ಹಾಳು.

ಮತ್ತೆ ಸೂಜಿಗೆ ಒಪ್ಪುವ ಮೊದಲು ‘ಉಳಿದ ನೀರಿನ ಡಿಎನ್‌ಎಯಲ್ಲಿ ಮೈಕ್ರೋಅರೇ ಆಗುತ್ತದೆಯೇ?’ ಎಂದು ಕೇಳಿ, ಅದಕ್ಕೆ ಕಲ್ಚರ್ ಬೇಕೆಂದೇನಿಲ್ಲ. ಕ್ಯಾರಿಯೋಟೈಪ್‌ಗೆ ಕಂಡು ಮೈಕ್ರೋಅರೇಗೆ ಕಾಣದ್ದರಲ್ಲಿ ಮುಖ್ಯವಾದದ್ದು, ತುಂಡುಗಳು ಕಡಿಮೆಯಾಗದೆ ಬರೀ ಜಾಗ ಬದಲಿಸಿಕೊಂಡಿರುವ ಟ್ರಾನ್ಸ್‌ಲೊಕೇಷನ್. ದಂಪತಿಗಳಲ್ಲಿ ಒಬ್ಬರಿಗೆ ಅಂಥದ್ದಿದ್ದರೆ ಕ್ಯಾರಿಯೋಟೈಪ್ ಬಿಡುವಂತಿಲ್ಲ. ಮೈಕ್ರೋಅರೇಯಲ್ಲಿ ಒಮ್ಮೊಮ್ಮೆ ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂದು ಬರುತ್ತದೆ. ಆಗ ತಂದೆತಾಯಿಯ ರಕ್ತ ನೋಡುತ್ತಾರೆ. ಆರೋಗ್ಯವಾಗಿರುವ ಅಪ್ಪನಲ್ಲೋ ಅಮ್ಮನಲ್ಲೋ ಅದೇ ಇದ್ದರೆ ಬಹುಮಟ್ಟಿಗೆ ಚಿಂತೆಯಿಲ್ಲ.

ಪ್ರಶ್ನೆ: ಅವಳಿ ಇದ್ದರೆ?
(ಕೋಲಾರ)

ಉತ್ತರ: ಮಾಸು ಎರಡಿದ್ದರೆ ಎರಡು ಮಾದರಿ ಬೇಕು, ನಷ್ಟದ ಸಾಧ್ಯತೆ ಒಂಟಿ ಗರ್ಭಕ್ಕಿಂತ ಸ್ವಲ್ಪ ಹೆಚ್ಚು. ಸಿವಿಎಸ್‌ನಲ್ಲಿ ಒಂದು ಮಾಸಿನದು ಇನ್ನೊಂದಕ್ಕೆ ಬೆರೆಯುವ ಭಯವಿದೆ. ಯಾವ ಟ್ಯೂಬು ಯಾವ ಮಗುವಿನದು ಎಂದು ಎಡ, ಬಲ, ಮೇಲೆ, ಕೆಳಗೆ ಎಂದು ಚಿತ್ರ ಬರೆದೇ ಕಳಿಸಬೇಕು. ಬರೀ ‘ಎ’, ‘ಬಿ’ ಎಂದು ಬರೆದರೆ ಮುಂದಿನ ಸ್ಕ್ಯಾನ್ ಮಾಡುವವರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲೇ ಇದನ್ನು ಮಾಡಿಸಬಹುದೇ? ಬೆಂಗಳೂರಿಗೆ ಹೋದರೆ ಅದೇ ದಿನ ಬಸ್ಸಿನಲ್ಲಿ ವಾಪಸ್ ಬರಬಹುದೇ? ಏನೇನು ತೆಗೆದುಕೊಂಡು ಹೋಗಬೇಕು?
(ಪಾವಗಡ)

ಉತ್ತರ: ಬರೀ ಸ್ಕ್ಯಾನಿಂಗ್‌ಗೆ ನೋಂದಣಿಯಾದ ಕಡೆ ಆಗುವುದಿಲ್ಲ. ಪಿಸಿಪಿಎನ್‌ಡಿಟಿ ಅಡಿಯಲ್ಲಿ ‘ಜೆನೆಟಿಕ್ ಕ್ಲಿನಿಕ್’ ಎಂದು ನೋಂದಣಿ ಇರಬೇಕು, ಪ್ರಮಾಣಪತ್ರ ಗೋಡೆಯ ಮೇಲೆ ಕಾಣುವಂತಿರಬೇಕು. ಸೂಜಿಗೆ ಮುಂಚೆ ‘ಫಾರ್ಮ್ ಜಿ’ ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಒಂದು ಪ್ರತಿ ನಿಮಗೆ ಕೊಡಬೇಕು. ಪಾವಗಡದ ಕಡೆ ತೆಲುಗು ಸಲೀಸಾದವರು ತೆಲುಗಿನಲ್ಲೇ ವಿವರಿಸಿ ಎಂದು ಕೇಳಬಹುದು.

ಬಸ್ಸಿನಲ್ಲಿ ಬರಬಾರದೆಂದು ವೈದ್ಯಕೀಯ ನಿಷೇಧವೇನಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಪಟ್ಟಣದವರು ಒಂದು ಗಂಟೆ ಅಲ್ಲೇ ಕೂತು, ಮತ್ತೊಮ್ಮೆ ಎದೆಬಡಿತ ನೋಡಿಸಿಕೊಂಡು ಸಂಜೆಗೆ ಬಂದರಾಯಿತು. ಪಾವಗಡದಷ್ಟು ದೂರದವರು ಆ ರಾತ್ರಿ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು, ದಾರಿ ಮಧ್ಯೆ ನೀರು ಸೋರಿದರೆ ಇಳಿದು ಹೋಗುವುದೆಲ್ಲಿಗೆ?

ತಾಯಿ ಕಾರ್ಡ್, ಇದುವರೆಗಿನ ಎಲ್ಲ ಸ್ಕ್ಯಾನ್ ವರದಿ, ರಕ್ತದ ಗುಂಪು, ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ವರದಿ, ಆಧಾರ್, ಮೊದಲ ಮಗುವಿಗೆ ಕಾಯಿಲೆ ಇದ್ದರೆ ಅದರ ಜೀನ್ ವರದಿಯ ಮೂಲಪ್ರತಿ, ಇವಿಷ್ಟು ಚೀಲದಲ್ಲಿರಲಿ. ಜೀನ್ ಪರೀಕ್ಷೆಯಾದರೆ ಯಜಮಾನರೂ ಜೊತೆಗಿರಲಿ, ಅವರ ರಕ್ತವೂ ಬೇಕು. ಆಸ್ಪಿರಿನ್ ಅಥವಾ ಹೆಪಾರಿನ್ ತೆಗೆದುಕೊಳ್ಳುತ್ತಿದ್ದರೆ ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿ. ಆಮ್ನಿಯೋಗೆ ಉಪವಾಸ ಬೇಡ, ತಿಂಡಿ ತಿಂದೇ ಹೋಗಿ. ಖರ್ಚು ಕೇಳುವಾಗ ಸೂಜಿ ಹಾಕುವ ಬಿಲ್ಲು ಬೇರೆ, ಲ್ಯಾಬಿನ ಬಿಲ್ಲು ಬೇರೆ ಎಂಬುದು ನೆನಪಿರಲಿ. ಎರಡನೆಯದೇ ಸಾಮಾನ್ಯವಾಗಿ ದೊಡ್ಡದು, ಮತ್ತು ಯಾವ ಪರೀಕ್ಷೆ ಎಂದು ಹೆಸರು ಹಿಡಿದು ಕೇಳಿದರಷ್ಟೇ ಸರಿಯಾದ ಮೊತ್ತ ಹೇಳುತ್ತಾರೆ.